ಸಂಜೆಮಲ್ಲಿಗೆಯ ಬಾಗಿಲಿಗೆ ನಿಂತ ಲಾರಿ

ಜುಲೈ ೧೨

ಸೊಸೆಗೆ,

ಇಲ್ಲಿ ಎಲ್ಲರೂ ಸುಖ ಅಂತ ಶುರು ಮಾಡಿದರೆ ಸುಳ್ಳಾಗುತ್ತೆ. ನಿನ್ನ ಅತ್ತೆ ಸುಖವಾಗಿದ್ದಾಳೆ. ನಾನಿಲ್ಲ.

ವರ್ಷದಿಂದ ಮಾತು ಬಿಟ್ಟವನು ಇವತ್ತು ಕಾಗದ ಬರೀತಿದ್ದಾನಲ್ಲ, ಸೂರ್ಯ ಯಾವ ಕಡೆ ಹುಟ್ಟಿದ ಅಂತ ನಿನಗೆ ಅನ್ನಿಸಬಹುದು. ಮಾತು ಯಾಕೆ ಬಿಟ್ಟೆ ಅಂತ ನಿನಗೇ ಗೊತ್ತು. ಅದನ್ನ ಈಗ ಕೆದಕೋದು ಬೇಡ. ಫೋನ್ ಮಾಡೋಣ ಅಂದ್ರೆ ನನ್ನ ಕಿವಿ ಸರಿಯಿಲ್ಲ. ನಿನ್ನ ಗಂಡ ಆ ಕಡೆಯಿಂದ ಕೂಗಿದ್ದು ಪಕ್ಕದ ಮನೆಯವರಿಗೆ ಕೇಳಿಸುತ್ತೆ, ಅವರು ಬಂದು ನನಗೆ ಹೇಳ್ತಾರೆ.

ವಿಷಯ ಇಷ್ಟು. ಹೋದ ವರ್ಷ ನಮ್ಮ ಕಾಂಪೌಂಡ್ ಗೋಡೆ ಪಕ್ಕ ಒಂದು ಸಂಜೆಮಲ್ಲಿಗೆ ತಾನಾಗಿ ಹುಟ್ಟಿಕೊಂಡಿತ್ತು. ಹೂವು ಹಳದಿ. ಅದರ ಮೇಲೆ ಯಾರೋ ಕುಂಚ ಒದರಿದ ಹಾಗೆ ಕೆಂಪು ಚುಕ್ಕೆ, ಕೆಂಪು ಗೆರೆ. ಒಂದು ಹೂವು ಇದ್ದ ಹಾಗೆ ಇನ್ನೊಂದಿಲ್ಲ. ಕುಂಡಕ್ಕೆ ಹಾಕಿ ನಮ್ಮ ಹೂವಿನ ಸಂಘದ ಸ್ಪರ್ಧೆಗೆ ಹೊತ್ತುಕೊಂಡು ಹೋದೆ. ಗುಲಾಬಿ ಇಟ್ಟವರೆಲ್ಲ "ಬೇಲಿ ಗಿಡ ತಂದಿದ್ದಾರೆ ಮೇಷ್ಟ್ರು" ಅಂತ ನಕ್ಕರು. ಸಂಜೆಯಾಗಿ ಹೂವು ಬಿರಿದ ಮೇಲೆ ಒಬ್ಬರ ಹಲ್ಲೂ ಕಾಣಲಿಲ್ಲ. ಕಪ್ ನನಗೇ ಬಂತು.

ಅಲ್ಲಿಗೆ ಸುಮ್ಮನಿರಬೇಕಿತ್ತು. ಸಂಘದವರಿಗೆಲ್ಲ ಬೀಜ ಹಂಚಿದೆ. "ಇದೇ ಹೂವು ಬರದಿದ್ರೆ ಮೀಸೆ ಬೋಳಿಸ್ತೀನಿ" ಅಂತ ಮೀಸೆ ಮೇಲೆ ಕೈ ಹಾಕಿ ಹೇಳಿಯೂಬಿಟ್ಟೆ. ಈಗ ಅವೆಲ್ಲ ಹೂ ಬಿಡ್ತಿವೆ. ಟೈಲರ್ ಮನೇಲಿ ಬರೀ ಹಳದಿ. ಹಲ್ಲಿನ ಡಾಕ್ಟರ ಮನೇಲಿ ಬರೀ ಕೆಂಪು. ನಾನು ಕಪ್ ಗೆಲ್ಲೋ ಆಸೆಗೆ ಹೂವಿಗೆ ಬಣ್ಣ ಬಳಿದಿದ್ದೆ ಅಂತ ಆ ಹಲ್ಲಿನ ಡಾಕ್ಟರೇ ಊರೆಲ್ಲ ಸಾರ್ತಿದ್ದಾರೆ. ತಿಂಗಳ ಕೊನೆಗೆ ನನ್ನ ಮೇಲೆ ವಿಚಾರಣೆ.

ಮೂವತ್ತು ವರ್ಷ ಜನಕ್ಕೆ ಡ್ರೈವಿಂಗ್ ಕಲಿಸಿದವನು ನಾನು. ಒಬ್ಬರಿಗೂ ಸುಳ್ಳು ಸಿಗ್ನಲ್ ತೋರಿಸಿದವನಲ್ಲ. ನಿನ್ನ ಕೆಲಸವೂ ಗಿಡದ ಹೊಟ್ಟೆಯೊಳಗಿನದೇ ಅಂತ ನಿನ್ನ ಗಂಡ ಹೇಳಿದ. ನಾನು ಇಷ್ಟು ದಿನ ನೀನು ಆಸ್ಪತ್ರೆಯಲ್ಲಿದ್ದೀಯ ಅಂದ್ಕೊಂಡಿದ್ದೆ. ಒಂದೇ ಗಿಡದ ಬೀಜ ಒಂದೊಂದು ಮನೇಲಿ ಒಂದೊಂದು ಬಣ್ಣ ಯಾಕಾಗುತ್ತೆ? ನನಗೆ ಅರ್ಥವಾಗೋ ಹಾಗೆ ಬರಿ.

ನಿನ್ನ ಗಂಡನ ಅಪ್ಪ


ಜುಲೈ ೧೯

ಮಾವನವರಿಗೆ ನಮಸ್ಕಾರ.

ನಿಮ್ಮ ಕಾಗದ ನೋಡಿ ಎಷ್ಟು ಖುಷಿಯಾಯಿತು ಅಂದರೆ, ಓದುತ್ತಾ ಒಲೆಯ ಮೇಲೆ ಇಟ್ಟ ಹಾಲು ಪೂರ್ತಿ ಉಕ್ಕಿಸಿಬಿಟ್ಟೆ. ಮಾತು ಬಿಟ್ಟ ಕಾರಣ ನನಗೇ ಗೊತ್ತು ಅಂತ ಬರೆದಿದ್ದೀರಿ. ನಿಜವಾಗಿಯೂ ಗೊತ್ತಿಲ್ಲ ಮಾವ. ನಾನು ಏನು ಅಂದೆ?

ಮೊದಲು ಹೂವಿನ ವಿಷಯ. ನೀವು ಮೋಸ ಮಾಡಿಲ್ಲ. ಗಿಡವೂ ಮಾಡಿಲ್ಲ.

ಗಿಡದ ಒಂದೊಂದು ಜೀವಕೋಶದಲ್ಲೂ ಡಿಎನ್ಎ ಅಂತ ಉದ್ದನೆಯ ದಾರ ಇರುತ್ತದೆ. ಅದನ್ನು ಒಂದು ಉದ್ದದ ಅಂಗಡಿ ಬೀದಿ ಅಂದುಕೊಳ್ಳಿ. ಒಂದು ಅಂಗಡಿಯಲ್ಲಿ ಎಲೆಯ ಸಾಮಾನು, ಒಂದರಲ್ಲಿ ಬೇರಿನದು. ಒಂದು ಅಂಗಡಿ ಕೆಂಪು ಬಣ್ಣದ್ದು. ಈ ಬೀದಿಯಲ್ಲಿ ಕೆಲವು ಲಾರಿಗಳೂ ಇವೆ. ಅವೂ ಡಿಎನ್ಎ ತುಂಡುಗಳೇ, ಆದರೆ ಒಂದು ಕಡೆ ನಿಲ್ಲುವ ಜಾತಿಯವಲ್ಲ. ಇದ್ದ ಜಾಗದಿಂದ ಎದ್ದು ಇನ್ನೆಲ್ಲೋ ಹೋಗಿ ನುಗ್ಗುತ್ತವೆ. ನಿಮ್ಮ ಗಿಡದ ಅಜ್ಜಿಯ ಕಾಲದಲ್ಲೋ ಮುತ್ತಜ್ಜಿಯ ಕಾಲದಲ್ಲೋ ಒಂದು ಲಾರಿ ಬಂದು ಕೆಂಪು ಬಣ್ಣದ ಅಂಗಡಿಯ ಬಾಗಿಲಿಗೆ ಅಡ್ಡ ನಿಂತುಬಿಟ್ಟಿದೆ. ಷಟರ್ ಎತ್ತಲು ಆಗುವುದಿಲ್ಲ. ಹಾಗಾಗಿ ಹೂವು ಹಳದಿ.

ಮೊಗ್ಗು ಬೆಳೆಯುವಾಗ ಎಲ್ಲೋ ಒಂದು ಕೋಶದಲ್ಲಿ ಲಾರಿ ಹೊರಟುಹೋಗುತ್ತದೆ. ಅಲ್ಲಿ ಅಂಗಡಿ ತೆರೆಯುತ್ತದೆ. ಆ ಕೋಶದಿಂದ ಹುಟ್ಟಿದವೆಲ್ಲ ಕೆಂಪು, ಅದೇ ನಿಮ್ಮ ಚುಕ್ಕೆ. ಬೇಗ ಹೊರಟರೆ ಅಗಲದ ಪಟ್ಟೆ, ತಡವಾಗಿ ಹೊರಟರೆ ಸಣ್ಣ ಚುಕ್ಕೆ. ಬೀಜ ಆಗುವುದಕ್ಕೂ ಮೊದಲೇ ಹೊರಟುಬಿಟ್ಟರೆ ಆ ಬೀಜದ ಗಿಡವೇ ಕೆಂಪಾಗಬಹುದು, ಹಲ್ಲಿನ ಡಾಕ್ಟರ ಮನೆಯ ಹಾಗೆ. ಲಾರಿ ಕೆಟ್ಟು ಅಲ್ಲೇ ಕೂತರೆ ಟೈಲರ್ ಮನೆಯ ಹಳದಿ.

ಇದನ್ನು ವಿಚಾರಣೆಯಲ್ಲಿ ಓದಿ. ಒಂದೇ ಒಂದು ವಿನಂತಿ: ನಿಮ್ಮ ಗಿಡಗಳನ್ನು ಮಾತ್ರ ಏನೂ ಮಾಡಬೇಡಿ, ಜೋಪಾನ.

ನಿಮ್ಮ ಸೊಸೆ


ಆಗಸ್ಟ್ ೩

ಸೊಸೆಗೆ,

ನಿನ್ನ ಕಾಗದ ಬರೋ ಹೊತ್ತಿಗೆ ಗಿಡ ಇರಲಿಲ್ಲ. ಸಿಟ್ಟಲ್ಲಿ ಬುಡಸಮೇತ ಕಿತ್ತು, ಗೆಡ್ಡೆಯನ್ನೂ ಬಿಡದೆ, ಸುಟ್ಟುಬಿಟ್ಟಿದ್ದೆ. ಇದ್ದ ಬೀಜವನ್ನೂ ಅದೇ ಬೆಂಕಿಗೆ ಸುರಿದೆ. ನಿನ್ನ ಅತ್ತೆ ಆಗ "ಹೊಗೆ ಒಗೆದ ಬಟ್ಟೆಗೆ ಬರ್ತಿದೆ" ಅಂದಳೇ ಹೊರತು "ಬೇಡ" ಅನ್ನಲಿಲ್ಲ. ಈಗ ಮಾತ್ರ "ನಾನು ಆಗಲೇ ಹೇಳಿದ್ದೆ" ಅಂತಾಳೆ.

ವಿಚಾರಣೆ ಆಯ್ತು. ಸಂಘದ ಅಧ್ಯಕ್ಷೆ ನಿವೃತ್ತ ಹೆಡ್‌ಮೇಡಂ. ಈಗಲೂ ಹಾಜರಿ ತಗೊಳ್ಳದೆ ಸಭೆ ಶುರು ಮಾಡಲ್ಲ. ನಾನು ಎದ್ದು ನಿಂತು ಲಾರಿ ವಿಷಯ ಹೇಳಿದೆ. ಕಾಗದ ಓದಿ ಅಂತ ನೀನು ಬರೆದಿದ್ದೆ. ಆದರೆ ಡ್ರೈವಿಂಗ್ ವಿಷಯವನ್ನ ಚೀಟಿ ನೋಡಿ ಹೇಳೋದಕ್ಕೆ ನನಗೆ ನಾಚಿಕೆ. ಬಾಯಲ್ಲೇ ಹೇಳಿದೆ. ಹೇಳ್ತಾ ಹೇಳ್ತಾ ಹ್ಯಾಂಡ್‌ಬ್ರೇಕು, ರಿವರ್ಸ್ ಗೇರು ಎಲ್ಲ ಬಂದುಬಿಡ್ತು.

"ಮೇಷ್ಟ್ರೇ, ಹೂವಿನೊಳಗೆ ಲಾರಿ ಇದೆ ಅಂತೀರಾ?" ಅಂದ್ರು ಹೆಡ್‌ಮೇಡಂ.

"ಹೌದು ಮೇಡಂ."

"ಯಾರು ಓಡಿಸ್ತಾರೆ?"

ಅದನ್ನ ನೀನು ಬರೆದಿರಲಿಲ್ಲ. ಹಲ್ಲಿನ ಡಾಕ್ಟರು ತಮ್ಮ ಕೆಂಪು ಹೂವಿನ ಕುಂಡ ಮೇಜಿನ ಮೇಲಿಟ್ಟು, "ಓಡಿಸಿದ್ದು ಇವರೇ, ಈಗ ಬ್ರೇಕ್ ಫೇಲ್ ಅಂತಿದ್ದಾರೆ" ಅಂದ್ರು. ಎಲ್ಲ ಬಿದ್ದು ಬಿದ್ದು ನಕ್ಕರು. ಕಪ್ ವಾಪಸ್ ಕೊಟ್ಟೆ. ಮನೆಗೆ ಬರೋ ದಾರೀಲಿ ಕ್ಷೌರದ ಅಂಗಡಿ. ಕೊಟ್ಟ ಮಾತು ಕೊಟ್ಟ ಮಾತೇ. ಒಳಗೆ ಹೋದೆ. ಕುರ್ಚಿಯಿಂದ ಎದ್ದಾಗ ಕನ್ನಡಿಯಲ್ಲಿ ಇದ್ದದ್ದು ನನ್ನ ದೊಡ್ಡತ್ತೆ.

ಇನ್ನು ನೀನು ಕೇಳಿದ ಮಾತು. ಹೋದ ವರ್ಷ ಫೋನಲ್ಲಿ ನಿನ್ನ ಗಂಡನ ತಲೆ ಬೋಳಾಗ್ತಿದೆ ಅಂತ ನೀನು ಹೇಳಿದೆ. ಆಮೇಲೆ, "ಇದೆಲ್ಲ ನಿಮ್ಮ ಜೀನತನದಿಂದ ಮಾವ" ಅಂದೆ. ನಾನು ಜಿಪುಣ ಅಂತ ನನ್ನ ಹೆಂಡತಿ ಹೇಳಲಿ, ಅವಳಿಗೆ ಹಕ್ಕಿದೆ. ಮಗನ ತಲೆಗೆ ಎಣ್ಣೆ ಕೊಡಿಸದೆ ಬೋಳು ಮಾಡಿದೆ ಅಂತ ಸೊಸೆ ಹೇಳಿದರೆ ಹೇಗೆ ಸಹಿಸಲಿ? ಅವನ ತಲೆಗೆ ಸುರಿದ ಎಣ್ಣೆಯಲ್ಲಿ ಒಂದು ಗಾಣ ನಡೀತಿತ್ತು.

ನಿನ್ನ ಗಂಡನ ಅಪ್ಪ


ಆಗಸ್ಟ್ ೯

ಮಾವ,

ಜೀನತನ ಅಲ್ಲ! ಜೀನ್! ಜೀನ್‌ನಿಂದ! ನಾನು ಬೀದಿಯ ಅಂಗಡಿ ಅಂದೆನಲ್ಲ, ಅದರ ಹೆಸರೇ ಜೀನ್. ಅಪ್ಪನಿಂದ, ಅಮ್ಮನಿಂದ ಮಕ್ಕಳಿಗೆ ಬರುವುದು. ನಿಮ್ಮ ತಲೆಯೂ ಚಿಕ್ಕ ವಯಸ್ಸಿನಲ್ಲೇ ಬೋಳಾಗಿತ್ತಂತೆ, ಅದು ಇವರಿಗೂ ಬಂದಿದೆ ಅಂದಿದ್ದೆ, ಅಷ್ಟೇ. ಇಡೀ ವರ್ಷ ನಾನು ಏನು ತಪ್ಪು ಮಾಡಿದೆ ಅಂತ ತಲೆ ಕೆಡಿಸಿಕೊಂಡಿದ್ದೆ. ಇವರನ್ನು ಕೇಳಿದರೆ "ಅಪ್ಪ ಹಾಗೇ, ಗೇರ್ ಬೀಳೋದು ನಿಧಾನ" ಅಂದರು. ಈ ಕಾಗದ ಓದಿ ಹೇಳಿದ ಮೇಲೆ ಒಂದು ಗಂಟೆ ನಕ್ಕರು. ಆಮೇಲೆ ಕನ್ನಡಿ ಮುಂದೆ ನಿಂತು ತಲೆ ಸವರಿಕೊಂಡರು.

ಲಾರಿಗೆ ಡ್ರೈವರ್ ಇಲ್ಲ ಮಾವ. ತಾನೇ ಕತ್ತರಿಸಿಕೊಂಡು ತಾನೇ ಅಂಟಿಕೊಳ್ಳುವ ಸಲಕರಣೆ ಅದರೊಳಗೇ ಇರುತ್ತದೆ. ಇನ್ನು ಕೆಲವು ಜಾತಿಯವು ಇದ್ದ ಜಾಗದಲ್ಲೇ ಇದ್ದು ತಮ್ಮ ನಕಲನ್ನು ಬೇರೆ ಕಡೆಗೆ ಕಳಿಸುತ್ತವೆ. ನಮ್ಮ ಮೈಯಲ್ಲಿ ಹೆಚ್ಚಾಗಿರುವುದು ಅಂಥವೇ. ನಿಮ್ಮ ಡಿಎನ್ಎಯಲ್ಲೂ ನನ್ನದರಲ್ಲೂ ಹತ್ತಿರ ಹತ್ತಿರ ಅರ್ಧ ಭಾಗ ಹೀಗೆ ಬಂದು ಸೇರಿದ್ದು. ಬಹುಪಾಲು ತುಕ್ಕು ಹಿಡಿದು ನಿಂತುಹೋದವು. ಮೊದಲು ಎಲ್ಲರೂ ಬರೀ ಕಸ ಅನ್ನುತ್ತಿದ್ದರು. ಆದರೆ ಜೀವ ಅನ್ನುವುದು ಬಹಳ ಮಿತವ್ಯಯಿ. ನಿಂತ ಲಾರಿಯ ಚಕ್ರ ಬಿಚ್ಚಿ ಇನ್ನೆಲ್ಲೋ ಹಾಕಿಕೊಂಡಿದೆ. ಹೊಸ ರೋಗ ಬಂದಾಗ ಅದನ್ನು ಗುರುತಿಸಲು ನಮ್ಮ ರಕ್ತ ಬಗೆಬಗೆಯ ಆಯುಧ ಜೋಡಿಸಿಕೊಳ್ಳುತ್ತದಲ್ಲ, ಆ ಜೋಡಿಸುವ ಸಲಕರಣೆ ಕೋಟ್ಯಂತರ ವರ್ಷಗಳ ಹಿಂದೆ ಇಂಥದ್ದೇ ಒಂದು ಅಲೆಮಾರಿ ತುಂಡಿನಿಂದ ಸಿಕ್ಕಿದ್ದು ಅಂತ ತಿಳಿದವರ ಅಭಿಪ್ರಾಯ. ಇವು ಅಡ್ಡಾಡದಿದ್ದರೆ ಅಂಗಡಿಗಳು ಹಾಳಾಗುತ್ತಿರಲಿಲ್ಲ ನಿಜ, ಹೊಸ ಅಂಗಡಿಗಳೂ ಇಷ್ಟೊಂದು ಹುಟ್ಟುತ್ತಿರಲಿಲ್ಲ.

ಈಗ ನನ್ನ ಕಷ್ಟ. ನನ್ನ ಕೆಲಸವೇ ಈ ಲಾರಿ ಓಡುವುದನ್ನು ನೋಡುವುದು. ನನ್ನ ಗಾಜಿನ ಮನೆಯ ಗಿಡಗಳಲ್ಲಿ ಅದು ಎರಡು ವರ್ಷದಿಂದ ಅಲ್ಲಾಡಿಲ್ಲ. ವರ್ಷದ ಕೊನೆಯೊಳಗೆ ಓಡುವ ಒಂದು ಲಾರಿ ತೋರಿಸದಿದ್ದರೆ ಕೆಲಸ ಮುಚ್ಚಿ ಅಂತ ನಮ್ಮ ಮುಖ್ಯಸ್ಥೆ ಹೇಳಿದ್ದಾರೆ. ನಿಮ್ಮ ಮೊದಲ ಕಾಗದ ಓದಿದಾಗ ಹಾಲು ಉಕ್ಕಿದ್ದು ಅದಕ್ಕೇ.

ನೀವು ಬೀಜ ಹಂಚಿದವರಲ್ಲಿ ಯಾರ ಮನೆಯಲ್ಲಾದರೂ ಚುಕ್ಕೆ ಹೂವು ಬಿಡುವ ಗಿಡ ಇದೆಯೇ? ನಕ್ಕವರ ಬಾಗಿಲಿಗೆ ಹೋಗಿ ಕೇಳಿ ಅನ್ನಲು ನನಗೆ ಬಾಯಿಲ್ಲ. ನಿಮಗೆ ಸಾಧ್ಯವಾಗದಿದ್ದರೆ ಖಂಡಿತ ಬೇಡ.

ನಿಮ್ಮ ಸೊಸೆ


ಆಗಸ್ಟ್ ೨೪

ಸೊಸೆಗೆ,

ಇದರ ಜೊತೆ ಬಟ್ಟೆಯಲ್ಲಿ ಕಟ್ಟಿ ಬೀಜ ಕಳಿಸಿದ್ದೀನಿ. ಚುಕ್ಕೆ ಹೂವಿನ ಗಿಡದ್ದೇ. ನನ್ನ ಕಣ್ಣಾರೆ ನೋಡಿ, ನನ್ನ ಕೈಯಾರೆ ಬಿಡಿಸಿದ್ದು. ಟೈಲರ್ ಗಿಡ ಕಿತ್ತು ಕುಂಬಳ ಹಾಕಿದ್ದ. ಹೆಡ್‌ಮೇಡಂ ಅವರದನ್ನ ಬಸವನಹುಳು ತಿಂದಿತ್ತು. ಇದು ಸಿಕ್ಕಿದ್ದು ಬೇರೆಯವರ ಹತ್ತಿರ. ಯಾರು ಅಂತ ಕೇಳಬೇಡ. ಮಾತು ಕೊಟ್ಟಿದ್ದೀನಿ.

ಹೆಚ್ಚು ಬರೆಯೋಕಾಗಲ್ಲ, ದವಡೆ ಊದಿದೆ. ಜೀನ್ ವಿಷಯ ಓದಿದೆ. ಎಣ್ಣೆಯ ಮಾತು ಅಲ್ಲಿಗೇ ಬಿಡು.

ಮಾವ


ಆಗಸ್ಟ್ ೨೬

ನನ್ನ ಮುದ್ದು ಸೊಸೆಗೆ ಅತ್ತೆ ಬರೆಯೋದು,

ನಿನ್ನ ಮಾವ ಮಾತು ಕೊಟ್ಟಿದ್ದಾರೆ, ನಾನು ಯಾರಿಗೂ ಕೊಟ್ಟಿಲ್ಲ. ಅದಕ್ಕೇ ಬರೀತಿದ್ದೀನಿ. ಅವರು ಅಂಗಡಿಗೆ ಹೋಗಿದ್ದಾರೆ, ಬರೋದರೊಳಗೆ ಮುಗಿಸಬೇಕು.

ನಿನ್ನ ಕಾಗದ ಬಂದ ಮೇಲೆ ಇವರು ಬೀದಿ ಬೀದಿ ಅಲೆದು ಎಲ್ಲರ ಕಾಂಪೌಂಡ್ ಇಣುಕಿದರು. ನಿನ್ನ ವಿಷಯ ಎಲ್ಲರಿಗೂ ಎಷ್ಟು ಹೇಳಿದ್ದಾರೆ ಅಂದ್ರೆ, "ನನ್ನ ಸೊಸೆ ಲಾರಿ ವಿಷಯದಲ್ಲಿ ದೊಡ್ಡ ತಜ್ಞೆ" ಅಂತ ಹೇಳಿ ಹೇಳಿ, ಮೊನ್ನೆ ಒಬ್ಬ ಲಾರಿ ಪರ್ಮಿಟ್ ಮಾಡಿಸಿಕೊಡಿ ಅಂತ ಮನೆಗೇ ಬಂದಿದ್ದ. ನಾನು ಕಾಫಿ ಕೊಟ್ಟು ಕಳಿಸಿದೆ.

ಕೊನೆಗೆ ಉಳಿದಿದ್ದು ಹಲ್ಲಿನ ಡಾಕ್ಟರ ಮನೆ, ಕ್ಲಿನಿಕ್ಕೂ ಅಲ್ಲೇ. ಅವರನ್ನ ಸುಮ್ಮನೆ ಹೋಗಿ ಮಾತಾಡಿಸೋಕೆ ಇವರಿಗೆ ಮಾನ ಅಡ್ಡ. ಹಲ್ಲು ತೋರಿಸೋ ನೆಪದಲ್ಲಿ ಸಂಜೆ ಹೋದರು. "ಯಾವ ಹಲ್ಲು ನೋವು?" ಅಂದ್ರಂತೆ. "ನೀವೇ ಆರಿಸಿ" ಅಂದ್ರಂತೆ ಇವರು. ಕುರ್ಚಿ ಮೇಲೆ ಮಲಗಿಸಿ, ಬಾಯೊಳಗೆ ಏನೇನೋ ಇಟ್ಟಾಗ ಹಿಂದಿನ ಕಿಟಕಿಯಿಂದ ಬಾಲ್ಕನಿ ಕಾಣಿಸ್ತಂತೆ. ಅಲ್ಲಿ ಒಂದು ಕುಂಡ. ಅದರ ತುಂಬ ಹಳದಿ ಹೂವು, ಕೆಂಪು ಪಟ್ಟೆ! ಇವರದೇ ಬೀಜ. ಇವರು "ಊ! ಊ!" ಅಂತ ಕೈ ತೋರಿಸಿದರೆ, ಡಾಕ್ಟರು ನೋವು ಅಂದ್ಕೊಂಡು ಇಂಜೆಕ್ಷನ್ ಚುಚ್ಚಿಬಿಟ್ಟರು. ನಾಲಿಗೆ ಮರಗಟ್ಟಿದ ಮೇಲಂತೂ "ಹೂ" ಅನ್ನೋಕೆ "ಊ" ಬಿಟ್ಟು ಬೇರೆ ಏನೂ ಬರಲಿಲ್ಲ.

ಆಮೇಲೆ ಡಾಕ್ಟರಿಗೆ ಗೊತ್ತಾಯ್ತು. ಬಾಗಿಲು ಹಾಕಿ, ಕೈ ಹಿಡಿದು ಹೇಳಿದರಂತೆ. ಅವರ ಮನೇಲಿ ಎರಡು ಗಿಡ ಹುಟ್ಟಿತ್ತು. ಕೆಂಪಿನದನ್ನ ಸಭೆಗೆ ತಂದು ತೋರಿಸಿದರು, ಪಟ್ಟೆಯದನ್ನ ಬಚ್ಚಿಟ್ಟರು. "ಸಂಘ ಸೇರಿ ತಲೆ ನರೀತು ಮೇಷ್ಟ್ರೇ, ಒಂದು ಸಲಾನೂ ಕಪ್ ಬಂದಿಲ್ಲ. ಈ ಸಲ ಇದನ್ನ ನಾನೇ ಬೆಳೆಸಿದ ತಳಿ ಅಂತ ಇಡ್ತೀನಿ. ಬೀಜ ಎಷ್ಟು ಬೇಕೋ ಬಿಡಿಸಿಕೊಳ್ಳಿ, ಬಾಯಿ ಮಾತ್ರ ಬಿಡಬೇಡಿ." ಬಾಯಿ ಬಿಡಿ ಬಾಯಿ ಬಿಡಿ ಅಂತ ಊರವರಿಗೆಲ್ಲ ಹೇಳೋ ಮನುಷ್ಯ!

ನಾನಂದೆ, "ಈಗಲೇ ಹೋಗಿ ಹೆಡ್‌ಮೇಡಂಗೆ ಹೇಳಿ. ಕಪ್ಪೂ ಬರುತ್ತೆ, ಮಾನಾನೂ ಬರುತ್ತೆ."

ಇವರು ಊದಿದ ದವಡೆ ಹಿಡ್ಕೊಂಡು ಅಂದ್ರು: "ಹೇಳಿದ್ರೆ ಅವನು ಹೆದರಿ ಕುಂಡ ಎತ್ತಿ ಎಸೀತಾನೆ. ಈ ಬೀಜ ಮೊಳೆಯದಿದ್ರೆ ಬೇರೆ ಗಿಡ ಇಲ್ಲ, ಆ ಹುಡುಗಿ ಕೆಲಸಕ್ಕೆ ಕುತ್ತು. ಮೀಸೆ ಹೇಗಿದ್ರೂ ಬೆಳೆಯುತ್ತೆ ಬಿಡು."

ಇಷ್ಟು ನಿನಗೆ ತಿಳಿದಿರಲಿ ಅಂತ ಬರೆದೆ. ತಿಳಿದ ಹಾಗೆ ಕಾಣಿಸ್ಕೋಬೇಡ. ಗೇಟಿನ ಸದ್ದಾಯ್ತು, ಬಂದರು.

ಅತ್ತೆ


ಅಕ್ಟೋಬರ್ ೩೦

ಮಾವನವರಿಗೆ,

ಇವತ್ತು ಸಂಜೆ ಗಾಜಿನ ಮನೆಯಲ್ಲಿ ನಿಮ್ಮ ಬೀಜದ ಮೊದಲ ಹೂವು ಬಿರಿಯಿತು. ಹಳದಿ, ಅದರ ಮೇಲೆ ಕಿರುಬೆರಳಿನ ಅಗಲ ಕೆಂಪು ಪಟ್ಟೆ, ಸುತ್ತ ಚುಕ್ಕೆಗಳು. ನಮ್ಮ ಮುಖ್ಯಸ್ಥೆ ಸುಮ್ಮನೆ ಹೊಗಳುವವರಲ್ಲ. ಬಂದು ಬಗ್ಗಿ ನೋಡಿ "ಹೂಂ" ಅಂದರು. ಹೋದವರು ಮತ್ತೆ ವಾಪಸ್ ಬಂದು ಇನ್ನೊಂದು ಸಲ "ಹೂಂ" ಅಂದರು. ಇಲ್ಲಿ ಅದಕ್ಕಿಂತ ದೊಡ್ಡ ಬಿರುದಿಲ್ಲ.

ಹೂವಿಗೂ ಮೊದಲೇ ಎಲೆಗಳಲ್ಲಿ ಪರೀಕ್ಷೆ ಮಾಡಿದ್ದೆ. ಲಾರಿ ಓಡುತ್ತಿದೆ ಮಾವ. ಕೆಂಪು ಅಂಗಡಿಯ ಬಾಗಿಲಿಂದ ಎದ್ದಿದೆ, ನಾಲ್ಕಾರು ಹೊಸ ಕಡೆ ಹೋಗಿ ಕೂತಿದೆ. ಒಂದು ಗಿಡದಲ್ಲಿ ಎಲೆಯ ಅಂಚಿಗೆ ಸಂಬಂಧಪಟ್ಟ ಅಂಗಡಿಯ ಪಕ್ಕ ನಿಂತಿದೆ. ಆ ಗಿಡದ ಎಲೆ ಬೇರೆಯವುಗಳ ಹಾಗಿಲ್ಲ, ಅಂಚು ಸುಕ್ಕುಸುಕ್ಕು. ಇಂಥ ಸುಕ್ಕುಗಳಲ್ಲಿ ಬಹಳಷ್ಟು ಹಾಗೇ ಅಳಿದುಹೋಗುತ್ತವೆ. ಎಲ್ಲೋ ಒಂದು ಮಾತ್ರ ಉಪಯೋಗಕ್ಕೆ ಬಂದು ಉಳಿಯುತ್ತದೆ. ಗಿಡಗಳು ಬೇರೆ ಬೇರೆಯಾಗುತ್ತಾ ಹೋದದ್ದರಲ್ಲಿ ಇಂಥ ಕಿತಾಪತಿಗೂ ಒಂದು ಪಾಲಿದೆ. ಅದು ನಡೆಯುವುದನ್ನು ನಾನು ಕಣ್ಣೆದುರು ನೋಡುತ್ತಿದ್ದೇನೆ. ಕೆಲಸ ಮುಂದುವರಿಸಿ ಅಂತ ಅಪ್ಪಣೆಯಾಗಿದೆ.

ಅತ್ತೆಯ ಕಾಗದ ಒಂದು ಬಂದಿತ್ತು. ಅದರಲ್ಲಿ ಏನಿತ್ತು ಅಂತ ಕೇಳಬೇಡಿ. ಅದನ್ನು ಓದಿದ ದಿನ ನಾನು ಮಧ್ಯಾಹ್ನದ ಊಟದ ಡಬ್ಬಿ ತೆರೆಯಲೇ ಇಲ್ಲ, ಇಷ್ಟು ಮಾತ್ರ ಹೇಳುತ್ತೇನೆ.

ಸ್ಪರ್ಧೆ ಹತ್ತಿರ ಬಂತಲ್ಲ. ನೀವು ಹೋಗುತ್ತೀರಾ?

ನಿಮ್ಮ ಸೊಸೆ


ನವೆಂಬರ್ ೧೬

ಸೊಸೆಗೆ,

ನಿನ್ನ ಅತ್ತೆ ಏನು ಬರೆದಿರ್ತಾಳೆ ಅಂತ ನನಗೆ ಗೊತ್ತಾಗಲ್ವಾ? ಅವಳ ಹೊಟ್ಟೇಲಿ ಸಾಸಿವೆ ಕಾಳೂ ನಿಲ್ಲಲ್ಲ. ಇರಲಿ.

ನಿನ್ನೆ ಸ್ಪರ್ಧೆ ಆಯ್ತು. ನಾನು ಹೋಗೋದಿಲ್ಲ ಅಂತ ಕೂತಿದ್ದೆ. ನಿನ್ನ ಅತ್ತೆ "ಬಟ್ಟೆ ಹಾಕ್ಕೊಳಿ" ಅಂದಳು, ಹಾಕ್ಕೊಂಡೆ.

ಸಂಘದ ಹಾಲ್ ನಡುಮಧ್ಯೆ ಹಲ್ಲಿನ ಡಾಕ್ಟರ ಕುಂಡ. ಕೆಳಗೆ ಚೀಟಿ: "ನನ್ನ ಸ್ವಂತ ತಳಿ." ಹದಿನೈದು ದಿನದ ಹಿಂದೆ ಅಂದ ಕಾಣಲಿ ಅಂತ ಅಕ್ಕಪಕ್ಕದ ರೆಂಬೆಯನ್ನೆಲ್ಲ ಕತ್ತರಿಸಿ, ದಪ್ಪನೆಯದೊಂದನ್ನೇ ಉಳಿಸಿದ್ದರಂತೆ. ಅದು ಇನ್ನೂ ಒಂದು ಹೂವೂ ಬಿಟ್ಟಿರಲಿಲ್ಲ, ತುಂಬ ಮೊಗ್ಗು. ಸಂಜೆಮಲ್ಲಿಗೆ ನಮ್ಮ ಹೆಡ್‌ಮೇಡಂ ಮಾತನ್ನೂ ಕೇಳಲ್ಲ, ತನ್ನ ಹೊತ್ತಿಗೇ ಅರಳೋದು. ಎಲ್ಲರೂ ಕುರ್ಚಿ ಎಳ್ಕೊಂಡು ಸುತ್ತ ಕೂತೆವು. ಡಾಕ್ಟರು ಪಟ್ಟೆ ಹೇಗಿರುತ್ತೆ, ಚುಕ್ಕೆ ಹೇಗಿರುತ್ತೆ ಅಂತ ಗಾಳಿಯಲ್ಲೇ ಬರೆದು ತೋರಿಸ್ತಿದ್ದರು.

ಮೊದಲನೇದು ಬಿರೀತು. ಕೆಂಪು.

"ಒಂದೊಂದು ಹಾಗಿರುತ್ತೆ" ಅಂದ್ರು ಡಾಕ್ಟರು.

ಎರಡನೇದೂ ಕೆಂಪು. ಆಮೇಲೆ ಪಟಪಟ ಅಂತ ಇಡೀ ಗಿಡ ಬಿರೀತು. ಕುಂಕುಮ ಚೆಲ್ಲಿದ ಹಾಗೆ, ಒಂದು ಹಳದಿ ಚುಕ್ಕೆ ಇಲ್ಲ. ಡಾಕ್ಟರ ಮುಖ ಮಾತ್ರ ಬಿಳೀ ಸುಣ್ಣ.

ಟೈಲರ್ ಎದ್ದ. "ಇವರೂ ಬಣ್ಣದ ಗಿರಾಕಿನೇ! ಇವತ್ತು ಬಳಿಯೋಕೆ ಸಮಯ ಸಿಕ್ಕಿಲ್ಲ" ಅಂದ. ಸಭೆಯಲ್ಲಿ ನನಗೆ ಬಿದ್ದ ನಗುವೇ ಮತ್ತೆ ಶುರುವಾಯ್ತು. ಅದೇ ಜನ, ಅದೇ ಹಲ್ಲುಗಳು, ಅರ್ಧಕ್ಕರ್ಧ ಆ ಡಾಕ್ಟರೇ ರಿಪೇರಿ ಮಾಡಿದ್ದು. ಅವರು ಮೇಜಿನ ಅಂಚು ಹಿಡ್ಕೊಂಡು ನಿಂತಿದ್ದರು. ನಿಜ ಹೇಳ್ತೀನಿ, ನೋಡಿ ಸಂತೋಷ ಪಡಬೇಕು ಅಂತಲೇ ನನ್ನ ಮನಸ್ಸಿತ್ತು. ಸ್ವಲ್ಪ ಸಂತೋಷ ಆಯ್ತು ಕೂಡ. ಆದರೆ ಆ ನಗು ಕಿವಿಗೆ ಬಿದ್ದಾಗ, ನನ್ನ ಕಿವಿಗೂ ಬಿತ್ತು ಅಂದ್ರೆ ಎಷ್ಟು ಜೋರಿರಬೇಕು ನೋಡು, ಕಾಲು ತಾನಾಗಿ ಎದ್ದು ನಿಂತುಬಿಡ್ತು.

"ಇವರು ಮೋಸ ಮಾಡಿಲ್ಲ" ಅಂದೆ. "ಲಾರಿ ಹೊರಟುಹೋಗಿದೆ."

ಈ ಸಲ ಜೇಬಿನಲ್ಲಿ ನಿನ್ನ ಮೊದಲ ಕಾಗದ ಇತ್ತು. ತೆಗೆದು ಓದಿದೆ, ನಾಚಿಕೆ ಬಿಟ್ಟು, ಒಂದಕ್ಷರ ಬಿಡದೆ. ಆಮೇಲೆ ಡಾಕ್ಟರು ಕತ್ತರಿಸಿದ ರೆಂಬೆಗಳ ವಿಷಯ ಹೇಳಿದೆ. ಒಂದು ರೆಂಬೆ ಚಿಗುರುವಾಗಲೇ ಅದರ ಬುಡದಲ್ಲಿ ಲಾರಿ ಹೊರಟಿದ್ದರೆ ಆ ರೆಂಬೆಯ ಹೂವೆಲ್ಲ ಕೆಂಪು. ಇವರು ಗ್ರಹಚಾರಕ್ಕೆ ಅದೊಂದನ್ನೇ ಉಳಿಸಿಕೊಂಡಿದ್ದಾರೆ. ಇದು ಸರಿ ತಾನೇ? ನೀನು ಬರೆದಿರಲಿಲ್ಲ, ನಾನೇ ಲೆಕ್ಕ ಹಾಕಿದ್ದು. ತಪ್ಪಿದ್ದರೆ ಯಾರಿಗೂ ಹೇಳಬೇಡ.

ಹೆಡ್‌ಮೇಡಂ ಕನ್ನಡಕ ಕೆಳಗಿಳಿಸಿ ಕೇಳಿದರು: "ಯಾರು ಓಡಿಸ್ತಾರೆ?"

"ಯಾರೂ ಇಲ್ಲ ಮೇಡಂ. ಸಲಕರಣೆ ಅದರೊಳಗೇ ಇದೆ. ನಿಮ್ಮೊಳಗೂ ಇದೆ, ಅರ್ಧಕ್ಕೆ ಅರ್ಧ."

ಹೆಡ್‌ಮೇಡಂಗೆ ಅಂಥ ಮಾತು ಯಾರೂ ಆಡಿಲ್ಲ. ಅವರು ಕನ್ನಡಕ ಸರಿಮಾಡಿಕೊಳ್ಳೋದರೊಳಗೆ ಡಾಕ್ಟರು ಬಾಯಿ ಬಿಟ್ಟರು.

"ಬೀಜ ಮೇಷ್ಟ್ರದ್ದು" ಅಂದ್ರು. "ಪಟ್ಟೆ ಬಂದಿತ್ತು, ಬಚ್ಚಿಟ್ಟೆ. ಇವರಿಗೆ ಎಲ್ಲ ಗೊತ್ತಿತ್ತು, ಯಾರಿಗೂ ಒಂದು ಮಾತೂ ಹೇಳಲಿಲ್ಲ."

ನಾನು ಕೆಳಗೆ ನೋಡ್ತಿದ್ದೆ. ನಿನ್ನ ಅತ್ತೆ ಮೂಗು ಒರೆಸಿಕೊಳ್ತಿದ್ದಳು, ನೆಗಡಿ ಅಂತಾಳೆ.

ಕಪ್ ನಮಗಿಬ್ಬರಿಗೂ ಬರಲಿಲ್ಲ. ಟೈಲರ್‌ನ ಕುಂಬಳಕಾಯಿಗೆ ಹೋಯ್ತು. ಹೂವಿನ ಸ್ಪರ್ಧೆಗೆ ಕಾಯಿ ಹೇಗೆ ಅಂತ ಕೇಳಬೇಡ, ತುದಿಯಲ್ಲಿ ಹೂವು ಒಣಗಿ ಅಂಟಿಕೊಂಡಿತ್ತು, ನಿಯಮದಲ್ಲಿ ಅಡ್ಡಿ ಇಲ್ಲವಂತೆ. ಹೊರಗೆ ಬಂದಾಗ ಡಾಕ್ಟರು ಆ ಕುಂಡ ನನ್ನ ಕೈಗೆ ಕೊಟ್ಟರು. ನಾನು ಬೇಡ ಅಂದೆ. ಅವರು ಇಟ್ಟುಕೊಳ್ಳಿ ಅಂದ್ರು. ಕೊನೆಗೆ ಇಬ್ಬರೂ ಒಂದೊಂದು ಕಡೆ ಹಿಡ್ಕೊಂಡು ನಮ್ಮ ಮನೆವರೆಗೆ ನಡೆದೆವು. ನಿನ್ನ ಅತ್ತೆ ಅವರನ್ನೂ ಊಟಕ್ಕೆ ನಿಲ್ಲಿಸಿಕೊಂಡಳು.

ಈಗ ಸಂಘದವರೆಲ್ಲ ನಿನ್ನನ್ನ ನೋಡಬೇಕು, ನಿನ್ನ ಬಾಯಿಂದಲೇ ಕೇಳಬೇಕು ಅಂತ ಕೂತಿದ್ದಾರೆ. ಹೆಡ್‌ಮೇಡಂ ತಮ್ಮೊಳಗಿನ ಅರ್ಧದ ವಿಷಯ ಖಚಿತ ಮಾಡಿಕೊಳ್ಳಬೇಕಂತೆ. ಬರ್ತಾಳೆ ಅಂತ ಹೇಳಿಬಿಟ್ಟಿದ್ದೀನಿ. ಮೂಲೆಯ ಕೋಣೆಗೆ ಸುಣ್ಣ ಹೊಡೆಸಿ ಆಯ್ತು. ಕಿಟಕಿ ಕೆಳಗೆ ನಿನ್ನ ಗಿಡಗಳಿಗೆ ಅಂತ ಮಣ್ಣೂ ಅಗೆದಿಟ್ಟಿದ್ದೀನಿ. ಆದಷ್ಟು ಬೇಗ ಬಾ. ಬರುವಾಗ ಸೀಟು ಸಿಕ್ಕಿದರೆ ನಿನ್ನ ಗಂಡನನ್ನೂ ಕರ್ಕೊಂಡು ಬಾ.

ನಿನ್ನ ಮಾವ